ಶಾಲು ಹೊದಿಸಿದ ಮೇಲೇನು?

ಬೇಸಿಗೆ ಕಳೆಯಲೆಂದು ಉಡುಪಿಯಿಂದ ನಮ್ಮಲ್ಲಿಗೆ ಬಂದಿದ್ದ ಅಮ್ಮನಿಗೆ ಮಂಡಿನೋವಿನಿಂದ ಆರಾಧನೆಗೆ ಹೋಗಲಾಗುತ್ತಿರಲಿಲ್ಲವಾದ್ದರಿಂದ, ಇಂಗ್ಲೆಂಡಿನ ಹ್ಯಾಂಪ್‌ಷೈರಿನ ನಮ್ಮ ಚರ್ಚಿನಿಂದ ಒಬ್ಬ ಮಹಿಳೆ ಮನೆಗೆ ಬಂದರು. ಒಂದು ಕೀರ್ತನೆ ಓದಿ, ಪ್ರಾರ್ಥಿಸಿ, ಚಹಾ ಕುಡಿದು ಹೊರಡುವರೆಂದೇ ನಾವು ಭಾವಿಸಿದ್ದೆವು. ಅವರು ಅಮ್ಮನ ಎದುರಿಗೆ ಕುರ್ಚಿ ಎಳೆದುಕೊಂಡು, ನಿಮ್ಮ ಮದುವೆಯಲ್ಲಿ ಯಾವ ಹಾಡು ಹಾಡಿದರು ಎಂದು ಕೇಳಿದರು. ಅಮ್ಮ ಕನ್ನಡದಲ್ಲಿ ಹಾಡತೊಡಗಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ತಂದ ಜರ್ಮನ್ ರಾಗವಾದ್ದರಿಂದ ಎರಡನೆಯ ಸಾಲಿಗೆ ಆಕೆಯೂ ಇಂಗ್ಲಿಷಿನಲ್ಲಿ ದನಿಗೂಡಿಸಿದರು. ಹೊರಡುವ ಮೊದಲು ಕಾಯಿಲೆ ಬಿದ್ದಿರುವ ಇಬ್ಬರ ಹೆಸರು ಹೇಳಿ, ಅವರಿಗಾಗಿ ದಿನವೂ ಪ್ರಾರ್ಥಿಸಬೇಕೆಂದು ಅಮ್ಮನನ್ನೇ ಕೇಳಿಕೊಂಡರು. ಊರಿನಲ್ಲಿ ಅಮ್ಮನಿಗಾಗಿ ಪ್ರಾರ್ಥಿಸಿದವರು ಬೇಕಾದಷ್ಟು ಮಂದಿ. ನಿವೃತ್ತಿಯ ನಂತರ ಅವರಿಗೆ ಹೀಗೊಂದು ಹೊಣೆ ಒಪ್ಪಿಸಿದವರು ನನಗೆ ನೆನಪಿಲ್ಲ.

ಆಕೆ 'ಅನ್ನಾ ಚಾಪ್ಲೇನ್', ಅಂದರೆ ವೃದ್ಧರ ಆತ್ಮಿಕ ಆರೈಕೆಗೆಂದು ಚರ್ಚಿನಿಂದ ನೇಮಕವಾದವರು. ಟೆಲಿವಿಷನ್ನಿನಲ್ಲಿ ವಾರ್ತೆ ಓದುತ್ತಿದ್ದ ಡೆಬಿ ಥ್ರೋವರ್ 2010ರಲ್ಲಿ ಇದೇ ಹ್ಯಾಂಪ್‌ಷೈರಿನ ಆಲ್ಟನ್ ಪಟ್ಟಣದಲ್ಲಿ ಆರಂಭಿಸಿದ ಈ ಸೇವೆ, ಬೈಬಲ್ ರೀಡಿಂಗ್ ಫೆಲೋಶಿಪ್ ಎಂಬ ಕ್ರೈಸ್ತ ಸಂಸ್ಥೆಯ ಆಶ್ರಯದಲ್ಲಿ ಬೇರೆ ಊರುಗಳಿಗೂ ಹಬ್ಬಿದೆ. ವಿಶ್ವಾಸಿಗಳೇ ಆಗಿರಬೇಕೆಂಬ ಷರತ್ತಿಲ್ಲದೆ, ಮನೆಯಲ್ಲಿಯೂ ಕೇರ್ ಹೋಮುಗಳಲ್ಲಿಯೂ ಇರುವ ವೃದ್ಧರನ್ನು ಇವರು ಕಾಣುತ್ತಾರೆ. ಲೂಕನ ಸುವಾರ್ತೆಯ ವಿಧವೆ ಅನ್ನಳ ಹೆಸರನ್ನು ಇಟ್ಟುಕೊಂಡದ್ದು ಸರಿಯಾಗಿಯೇ ಇದೆ. 84ರ ಆ ಮುದುಕಿ ದೇವಾಲಯದ ಮೂಲೆಯಲ್ಲಿ ಕೂತು ಯಾರ ಆರೈಕೆಗೂ ಕಾಯಲಿಲ್ಲ, ಮಗು ಯೇಸುವಿನ ವಿಷಯವನ್ನು ಕಂಡವರಿಗೆಲ್ಲ ಹೇಳಿದಳು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಶಾಲೆ, ಅಚ್ಚುಕೂಟ, ನೇಯ್ಗೆ, ಹೆಂಚಿನ ಕಾರ್ಖಾನೆ ಎಂದು ಎಲ್ಲರ ಕೈಗೂ ಕೆಲಸ ಕೊಟ್ಟರು. ಅದೇ ಪರಂಪರೆಯ, ಊರಿನ ನಮ್ಮ ಚರ್ಚ್ ಸಭೆಗಳಲ್ಲಿ ಇಂದು ಭಾನುವಾರ ಶಾಲೆಗೆ, ಯುವಜನರಿಗೆ, ಸ್ತ್ರೀಯರ ಕೂಟಕ್ಕೆ ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಇದ್ದಾರೆ. ಹಿರಿಯರಿಗೆ ಮಾತ್ರ ವರ್ಷಕ್ಕೊಂದು ಶಾಲು, ಹಣ್ಣಿನ ತಟ್ಟೆ, ಫೋಟೊ. ನಲವತ್ತು ವರ್ಷ ಪಾಠ ಹೇಳಿದ ಟೀಚರಮ್ಮನಿಗೆ ಒಬ್ಬ ಹುಡುಗನಿಂದ ಬೈಬಲ್ ವಾಕ್ಯಗಳ ಬಾಯಿಪಾಠ ಒಪ್ಪಿಸಿಕೊಳ್ಳುವ ಕೆಲಸವನ್ನಾದರೂ ವಹಿಸಬಾರದೇ? ಹಾಸಿಗೆ ಹಿಡಿದರೆ ಸಭಾಪಾಲಕರು ಪವಿತ್ರ ಭೋಜನ ತರುತ್ತಾರೆ, ನಿಜ. ಹಾಸಿಗೆ ಹಿಡಿಯುವವರೆಗಿನ ಹದಿನೈದು, ಇಪ್ಪತ್ತು ವರ್ಷಗಳು ಯಾರ ಲೆಕ್ಕದಲ್ಲಿಯೂ ಇಲ್ಲ.

ಅಮ್ಮನಿಗೆ ಮಾತ್ರ ಇಲ್ಲಿನ ಕ್ರಮ ಪೂರ್ತಿ ಒಪ್ಪಿಗೆಯಾಗಲಿಲ್ಲ. ಮುದುಕರನ್ನು ನೋಡಲು ಫೋನ್ ಮಾಡಿ, ದಿನ ಗೊತ್ತುಮಾಡಿ, ಡೈರಿಯಲ್ಲಿ ಬರೆದುಕೊಂಡು ಬರಬೇಕೇ ಎಂದು ಅವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಮಹಿಳೆ ಹೋಗುವ ಕೇರ್ ಹೋಮಿನಲ್ಲಿ ವಾರವಿಡೀ ಬೇರೆ ಯಾರ ಮುಖವನ್ನೂ ಕಾಣದವರಿದ್ದಾರೆ ಎಂಬುದನ್ನೂ ಹೇಳಲೇಬೇಕಾಗುತ್ತದೆ. ಊರಿನಲ್ಲಿ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಯಾರೂ ನೇಮಿಸದೆಯೇ ಸಭೆಯವರು ಸರದಿಯ ಮೇಲೆ ರಾತ್ರಿ ಬಂದು ಮಲಗಿದರು, ಬುತ್ತಿ ತಂದರು. ಅದಕ್ಕೆ ತರಬೇತಿಯೂ ಬೇಕಾಗಲಿಲ್ಲ, ಚಾಪ್ಲೇನ್ ಎಂಬ ಹುದ್ದೆಯೂ ಬೇಕಾಗಲಿಲ್ಲ. ಆದರೆ ಹಾಗೆ ಬಂದು ಮಲಗಿದವರೆಲ್ಲ ಈಗ ಎಪ್ಪತ್ತು ದಾಟಿದ್ದಾರೆ, ಅವರ ಮಕ್ಕಳಲ್ಲಿ ಹೆಚ್ಚಿನವರು ನನ್ನ ಹಾಗೆಯೇ ಊರು ಬಿಟ್ಟವರು.