ಮೂವತ್ತು ಸೆಕೆಂಡಿನ ಮನೋವೈದ್ಯರು

ಗೆಳೆಯನ ಮೆಸೇಜಿಗೆ ಎರಡು ದಿನ ಉತ್ತರ ಕೊಟ್ಟಿರಲಿಲ್ಲ. ಮೂರನೇ ದಿನ ಅವನಿಂದ ಒಂದು ರೀಲ್ ಬಂತು. ‘ನಾರ್ಸಿಸಿಸ್ಟ್‌ಗಳನ್ನು ಗುರುತಿಸಲು 5 ಲಕ್ಷಣಗಳು’. ಅಂದರೆ, ತನ್ನದೇ ದೊಡ್ಡದು ಎನ್ನುವವರನ್ನು. ಜೊತೆಗೆ ಒಂದು ಸಾಲೂ ಬರೆದಿರಲಿಲ್ಲ. ಬೇಕಾಗಿಯೂ ಇರಲಿಲ್ಲ ಬಿಡಿ. ‘ಜ್ವರ ಬಂದು ಮಲಗಿದ್ದೆ ಕಣೋ’ ಎಂದೆ. ‘ನೋಡು, ಈಗ ಗ್ಯಾಸ್‌ಲೈಟ್ ಮಾಡ್ತಿದ್ದೀಯ’ ಎಂದ. ಅಂದರೆ, ಅವನಿಗೇ ತಲೆ ಕೆಟ್ಟಿದೆ ಎಂದು ನಾನು ಅವನನ್ನು ನಂಬಿಸಲು ನೋಡುತ್ತಿದ್ದೇನಂತೆ.

ಜ್ವರಕ್ಕಾದರೆ ಮಾತ್ರೆ ಇದೆ.

ಈಗೀಗ ಯಾರೂ ಜಗಳ ಆಡುವುದಿಲ್ಲ, ಗಮನಿಸಿದ್ದೀರಾ? ನೇರವಾಗಿ ರೋಗದ ಹೆಸರು ಹೇಳುತ್ತಾರೆ. ಮೊದಲು ಅತ್ತೆ ಜೋರು, ಭಾವಮೈದ ಜಂಬಗಾರ. ಈಗ ಅತ್ತೆ ಟಾಕ್ಸಿಕ್, ಭಾವಮೈದ ನಾರ್ಸಿಸಿಸ್ಟ್. ಕೊಟ್ಟ ಸಾಲ ವಾಪಸ್ ಕೇಳಿದರೆ ಬೌಂಡರಿ ದಾಟಿದಿರಿ ಅಂತಾರೆ. ಹಿಂದೆಲ್ಲ ಬೌಂಡರಿ ದಾಟಿಸಿದರೆ ನಾಲ್ಕು ರನ್ ಆದರೂ ಸಿಗುತ್ತಿತ್ತು.

ಜಂಬಗಾರ ಎಷ್ಟು ಒಳ್ಳೆಯ ಪದ ಕಣ್ರೀ. ಅದರಲ್ಲಿ ಬೈಗುಳವೂ ಇತ್ತು, ಸಲುಗೆಯೂ ಇತ್ತು. ಜಂಬಗಾರನ ಜೊತೆ ಸಂಜೆ ಕೂತು ಹರಟಬಹುದಿತ್ತು. ಅವನ ಬಡಾಯಿ ಕೇಳಿ ಬಂದು ಮನೆಯಲ್ಲಿ ಅಣಕಿಸಬಹುದಿತ್ತು. ನಾರ್ಸಿಸಿಸ್ಟ್ ಎಂದ ಮೇಲೆ ನಂಬರ್ ಬ್ಲಾಕ್ ಮಾಡುವುದೊಂದೇ ದಾರಿ.

ಪಾಪ, ಮನೋವೈದ್ಯರ ಕಷ್ಟ ನೋಡಿ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಸಮಸ್ಯೆಗೆ 9 ಲಕ್ಷಣ ಕೊಟ್ಟಿದ್ದಾರೆ. ಕನಿಷ್ಠ 5 ಇರಬೇಕು. ಅದೂ ಒಂದು ದಿನದ ಸಿಡುಕಲ್ಲ, ವರ್ಷಗಟ್ಟಲೆ, ಎಲ್ಲರ ಜೊತೆಯಲ್ಲೂ ಕಾಣಬೇಕು. ನಮ್ಮ ರೀಲ್ ತಜ್ಞರಿಗೆ ಎರಡು ನೀಲಿ ಗೀಟು ಸಾಕು. ಎಂಥ ಪ್ರತಿಭೆ!

ಆ 5 ಲಕ್ಷಣವನ್ನು ನಾನೂ ಪರೀಕ್ಷೆ ಮಾಡಿದೆ. ನನಗೆ ಮೂರು. ಹೆಂಡತಿಗೆ ನಾಲ್ಕು (ಅವಳ ಲೆಕ್ಕದಲ್ಲಿ ಇದು ಅದಲುಬದಲು). ಬೆಕ್ಕಿಗೆ ಐದಕ್ಕೆ ಐದು. ತನ್ನದೇ ದೊಡ್ಡದು, ಬೇರೆಯವರ ಕಷ್ಟ ಕಾಣಲ್ಲ, ಬೇಕಾದಾಗ ಮಾತ್ರ ಮುದ್ದು.

1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ‘ಇದು ನಿಮ್ಮ ಸ್ವಭಾವ’ ಎಂದು ಒಬ್ಬೊಬ್ಬರಿಗೂ ಒಂದೊಂದು ಚೀಟಿ ಹಂಚಿದ. ಎಷ್ಟು ಸರಿಯಾಗಿದೆ ಎಂದು ಕೇಳಿದರೆ 5ಕ್ಕೆ ಸರಾಸರಿ 4.3ರಷ್ಟು ಅಂಕ ಕೊಟ್ಟರು. ಎಲ್ಲ ಚೀಟಿಯಲ್ಲೂ ಇದ್ದದ್ದು ಒಂದೇ ಬರಹ. ಅದನ್ನು ಅವನು ಹೆಕ್ಕಿದ್ದು ಬಹುಪಾಲು ಒಂದು ಜ್ಯೋತಿಷ್ಯದ ಪುಸ್ತಕದಿಂದ. ರೀಲ್‌ನದ್ದೂ ಅದೇ ವ್ಯಾಪಾರ. ಆ ಚೀಟಿ ಓದುವವರನ್ನು ಹೊಗಳಿತ್ತು, ಇದು ಓದುವವರಿಗಾಗಿ ಪಕ್ಕದವರನ್ನು ಬೈಯುತ್ತದೆ. ಅದಕ್ಕೇ ಜಾಸ್ತಿ ಓಡುತ್ತದೆ.

ನಾನು ಸಿಡುಕಿದರೆ ರಾತ್ರಿ ನಿದ್ದೆ ಇರಲಿಲ್ಲ. ನೀನು ಸಿಡುಕಿದರೆ ನಿನ್ನ ಬುದ್ಧಿಯೇ ಅಷ್ಟು. ಬೇರೆಯವರ ಸಂದರ್ಭ ನೋಡದೆ ಸ್ವಭಾವವನ್ನೇ ದೂರುವ ಈ ಚಾಳಿಗೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲೇ ಹೆಸರಿಟ್ಟ. ಅದರ ಮೇಲೆ ರೀಲ್ ಬಂದರೂ ಅದನ್ನು ಇನ್ನೊಬ್ಬರಿಗೇ ಕಳಿಸುತ್ತೇವೆ, ಅಲ್ವಾ?

ನಗು ಇಲ್ಲಿಗೆ ಸಾಕು. ಗ್ಯಾಸ್‌ಲೈಟಿಂಗ್ ಎಂಬ ಪದದ ಬೇರು ಇರುವುದು 1938ರ ಒಂದು ಇಂಗ್ಲಿಷ್ ನಾಟಕದಲ್ಲಿ. ಮನೆಯ ದೀಪ ಮಂಕಾಗುವುದನ್ನು ಹೆಂಡತಿ ಕಣ್ಣಾರೆ ನೋಡುತ್ತಾಳೆ. ಗಂಡ ಅವಳಿಗೆ ತಲೆ ಕೆಟ್ಟಿದೆ ಎಂದು ಅವಳನ್ನೇ ನಂಬಿಸಲು ನೋಡುತ್ತಾನೆ. ಅಂಥ ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿದವರು ನಿಜವಾಗಿಯೂ ಇದ್ದಾರೆ. ತಮಗೆ ಆಗಿದ್ದು ಏನು ಎಂದು ಹೇಳಲು ಅವರಿಗೆ ಕೊನೆಗೂ ಒಂದು ಪದ ಸಿಕ್ಕಿತ್ತು. ಅದನ್ನೂ ನಾವು ತಡವಾದ ಮೆಸೇಜಿಗೆ ಸುಮ್ನೆ ಖರ್ಚು ಮಾಡಿಬಿಟ್ಟೆವು. ಈಗ ಅಂಥ ಹೆಣ್ಣೊಬ್ಬಳು ಬಾಯಿ ಬಿಟ್ಟರೆ ಕೇಳಿದವರು ‘ಓ, ಇವಳೂ ರೀಲ್ ನೋಡ್ತಾಳೆ’ ಅಂತಾರೆ. ಥೂ.

ಗೆಳೆಯ ನನ್ನನ್ನು ಬ್ಲಾಕ್ ಮಾಡಿಲ್ಲ. ನಿನ್ನೆ ಇನ್ನೊಂದು ರೀಲ್ ಕಳಿಸಿದ್ದಾನೆ. ‘ಟಾಕ್ಸಿಕ್ ಜನರನ್ನು ಕ್ಷಮಿಸಲು 3 ಹೆಜ್ಜೆಗಳು’. ಜ್ವರ ಇಳೀತಾ ಅಂತ ಮಾತ್ರ ಇನ್ನೂ ಕೇಳಿಲ್ಲ.