ಮನುಷ್ಯನಿಗೆ ಗ್ಯಾಸ್ ಜಾಸ್ತಿ, ಫ್ರಿಜ್ಜಿಗೆ ಗ್ಯಾಸ್ ಕಮ್ಮಿ

ಬೆಂಗಳೂರಿನಲ್ಲಿ ಎದೆ ಉರಿದರೂ, ಬೆನ್ನು ಹಿಡಿದರೂ, ತಲೆ ಸುತ್ತಿದರೂ ಪಕ್ಕದ ಮನೆಯವರು ಹೇಳುವುದು ಒಂದೇ: 'ಗ್ಯಾಸ್ಟ್ರಿಕ್ಕು ಕಣ್ರೀ.' ಈ ವೈದ್ಯ ಈಗ ಅಡುಗೆಮನೆಯ ಮೂಲೆಗೂ ಬಂದಿದೆ. ಮೆಕ್ಯಾನಿಕ್ ಬರುತ್ತಾನೆ, ಫ್ರಿಜ್ಜಿನ ಹಿಂದೆ ಬಗ್ಗಿ ಕಂಪ್ರೆಸರಿನ ಮೇಲೆ ಕೈ ಇಡುತ್ತಾನೆ, ಒಂದು ಕ್ಷಣ ಕಣ್ಣು ಮುಚ್ಚುತ್ತಾನೆ. ನಾಡಿ ಸಿಕ್ಕಿತು. 'ಗ್ಯಾಸ್ ಖಾಲಿ ಮೇಡಂ.' ಬ್ಯಾಗಿನಲ್ಲಿ ವೋಲ್ಟು, ಓಮ್ ಅಳೆಯುವ ಮಲ್ಟಿಮೀಟರ್ ಇಲ್ಲ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ರಾಶಿ ಬಿದ್ದಿವೆ, ಆದರೆ ನಾಡಿ ಬಲ್ಲವರಿಗೆ ಅದೇಕೆ?

ಫ್ರಿಜ್ಜಿನ ಗ್ಯಾಸೇನು ಒಲೆಯ ಸಿಲಿಂಡರೇ, ಉರಿಸಿದಷ್ಟೂ ಮುಗಿಯಲು? ಬೆಸುಗೆ ಹಾಕಿದ ಕೊಳವೆಯೊಳಗೆ ಅದೇ ಗ್ಯಾಸು ಸುತ್ತುತ್ತಿರುತ್ತದೆ. ಕಮ್ಮಿಯಾಗಿದ್ದರೆ ಎಲ್ಲೋ ಸೋರಿರಬೇಕು. ಎಲ್ಲಿ ಸೋರಿದೆ ಎಂದು ಕೇಳಿ ನೋಡಿ: 'ಹಂಗೇ ಕಮ್ಮಿ ಆಗತ್ತೆ ಮೇಡಂ, ಹಳೇದಲ್ವಾ.'

ರೋಗಲಕ್ಷಣ ಎಲ್ಲ ಮನೆಯಲ್ಲೂ ಒಂದೇ ಥರ. ಮೇಲೆ ಫ್ರೀಜರಿನಲ್ಲಿ ಐಸ್ ಗಟ್ಟಿಯಾಗೇ ಇದೆ. ಕೆಳಗೆ ದೋಸೆ ಹಿಟ್ಟು ರಾತ್ರೋರಾತ್ರಿ ಉಬ್ಬಿ, ಡಬ್ಬಿಯ ಮುಚ್ಚಳ ಎತ್ತಿ, ಗಾಜಿನ ತಟ್ಟೆಯಿಂದ ತರಕಾರಿ ಡ್ರಾಯರಿಗೆ ಇಳಿದಿದೆ. ಆ ಫ್ರಿಜ್ಜಿನಲ್ಲಿ ಸುಳ್ಳು ಹೇಳದ ಸೆನ್ಸರ್ ಸದ್ಯಕ್ಕೆ ಆ ಹಿಟ್ಟೊಂದೇ.

ತಾನೇ ಹಿಮ ಕರಗಿಸಿಕೊಳ್ಳುವ ಫ್ರಾಸ್ಟ್-ಫ್ರೀ ಫ್ರಿಜ್ಜಿನಲ್ಲಿ, ಪ್ಲಗ್ ಕಿತ್ತು ಫ್ರೀಜರಿನ ಹಿಂಬದಿಯ ಕವರ್ ಬಿಚ್ಚಿದರೆ ತಣ್ಣಗಾಗುವ ಕೊಳವೆಯ ಸುರುಳಿ, ಅಂದರೆ ಕಾಯಿಲ್ ಕಾಣುತ್ತದೆ. ಇಡೀ ಕಾಯಿಲ್ ಬಿಳಿ ಗೋಡೆಯಾಗಿದ್ದರೆ ಗ್ಯಾಸು ನಿರಪರಾಧಿ. ಡಿಫ್ರಾಸ್ಟ್ ಆಗುತ್ತಿಲ್ಲ, ಅಂದರೆ ಹಿಮ ಕರಗುತ್ತಿಲ್ಲ, ಫ್ಯಾನಿನ ಗಾಳಿ ಹಿಮ ದಾಟಿ ಕೆಳಗಿಳಿಯುತ್ತಿಲ್ಲ. ಶುರುವಿನ ಒಂದೆರಡು ಸುತ್ತಿಗಷ್ಟೇ ಹಿಮ ಹಿಡಿದು ಉಳಿದದ್ದು ಬರಿದಾಗಿದ್ದರೆ ಗ್ಯಾಸಿನ ಮೇಲೆ ಅನುಮಾನ ಪಡಬಹುದು. ನಾಲ್ಕು ಸ್ಕ್ರೂ ಬಿಚ್ಚುವ ಕೆಲಸ. ನಾಡಿಶಾಸ್ತ್ರದಲ್ಲಿ ಸ್ಕ್ರೂಡ್ರೈವರಿಗೆ ಜಾಗವಿಲ್ಲ.

ಮುಂದೆ, ಆ ಹಿಮ ಕರಗಿಸುವ ಹೀಟರ್. 150 ವ್ಯಾಟಿನದು ಸುಮಾರು 350 ಓಮ್ ತೋರಿಸಬೇಕು. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ತಂತಿ ತುಂಡಾಗಿದೆ. ಹೀಟರಿನ ಸ್ವಿಚ್ಚು ಬೈಮೆಟಲ್ ಪಾಪದ ಪ್ರಾಣಿ. ತಣ್ಣಗಿದ್ದಾಗ ಕೂಡುವುದು, ಬೆಚ್ಚಗಾದಾಗ ಬಿಡುವುದು ಅದರ ಧರ್ಮ. ಅದನ್ನು ಮೇಜಿನ ಮೇಲಿಟ್ಟು ಅಳೆದು 'ಹೋಗಿದೆ' ಎಂದು ಕಸಕ್ಕೆ ಎಸೆಯುವವರುಂಟು. ಹಿಮದಲ್ಲಿ ಇದ್ದಾಗಲೇ ಅಳೆಯಬೇಕು. ಇನ್ನು ಹೀಟರ್ ಮಿತಿಮೀರಿ ಕಾದರೆ ಕರೆಂಟು ಕಡಿಯುವ ಥರ್ಮಲ್ ಫ್ಯೂಸ್ ಹಾರಿದರೆ ಎರಡು ವೈರು ತಿರುಚಿ ಟೇಪು ಸುತ್ತುವ ಪ್ರತಿಭೆಗಳಿವೆ. ಎಷ್ಟೋ ಫ್ರಿಜ್ಜುಗಳಲ್ಲಿ ಸುತ್ತುವ ಆರ್600ಎ ಉರಿಯುವ ಗ್ಯಾಸು, ಹೀಟರಿಗೆ ಇನ್ನು ಕಾವಲಿಲ್ಲ. ಆ ಧೈರ್ಯಕ್ಕೆ ಬಿಲ್ಲಿನಲ್ಲಿ ಪ್ರತ್ಯೇಕ ಸಾಲು ಕೊಡಬೇಕು.

ತಂಪು ಅಳೆದು ಹೇಳುವ ಸೆನ್ಸರಿನ ಪರೀಕ್ಷೆಗೆ ಬೇಕಾದದ್ದು ಒಂದು ಲೋಟ. ಪುಡಿ ಐಸ್ ತುಂಬಿ, ಸ್ವಲ್ಪ ನೀರು ಹಾಕಿ, ಸೆನ್ಸರ್ ತುದಿಯನ್ನು ಐದು ನಿಮಿಷ ಅದ್ದಿಡಿ. 0 ಡಿಗ್ರಿ ಸಿದ್ಧ. ತಣ್ಣಗಾದಷ್ಟೂ ಓಮ್ ಏರಬೇಕು: 25 ಡಿಗ್ರಿಯಲ್ಲಿ 10 ಕಿಲೋಓಮ್ ಇರುವುದು ಇಲ್ಲಿ ಮಾದರಿಗೆ ತಕ್ಕಂತೆ 27–33 ಕಿಲೋಓಮಿಗೆ ಏರುತ್ತದೆ. ಸೆನ್ಸರಿನ ವೈರ್ ಕಡಿದಿದ್ದರೆ ಫ್ರಿಜ್ಜು ನಡೆಸುವ ಸರ್ಕ್ಯೂಟ್ ಬೋರ್ಡಿಗೆ, ಅಂದರೆ ಪಿಸಿಬಿಗೆ, ಒಳಗೆ ಹಿಮಾಲಯವೆಂದೇ ಕಾಣುತ್ತದೆ, ಕಂಪ್ರೆಸರ್ ಎಬ್ಬಿಸುವುದಿಲ್ಲ. ಶಾರ್ಟ್ ಆಗಿದ್ದರೆ ರಾಯಚೂರಿನ ಮೇ ತಿಂಗಳೆಂದು ನಂಬಿ ಬಿಡದೆ ಓಡಿಸುತ್ತದೆ, ಮೊಸರು ಕಲ್ಲಾಗುತ್ತದೆ. ಕಾಯಿಲಿನ ಸೆನ್ಸರ್ 'ಬಿಸಿಯಾಯ್ತು' ಎಂದು ಮುಂಚೆಯೇ ಹೇಳಿಬಿಟ್ಟರೆ ಹೀಟರ್ ಹಿಮ ಕರಗುವ ಮೊದಲೇ ಆರುತ್ತದೆ. ಬೋರ್ಡಿನ ತಪ್ಪಿಲ್ಲ, ಚಾಡಿ ನಂಬುವುದೇ ಅದರ ಕೆಲಸ.

ಇಷ್ಟಕ್ಕೂ ಗ್ಯಾಸ್ ತುಂಬಿಸಿದ ಮೇಲೆ ಫ್ರಿಜ್ ಸರಿಯಾಗೇ ಓಡುತ್ತದೆ. ಆಗಲೇಬೇಕು: ಅಂಗಡಿಗೆ ಸಾಗಿಸಿ, ಒಂದು ದಿನ ಬಾಗಿಲು ತೆರೆದಿಟ್ಟು, ಹಿಮವೆಲ್ಲ ಕರಗಿ ನೀರಾಗಿ ಹೋಗಿರುತ್ತದೆ. ಕೀರ್ತಿ ಗ್ಯಾಸಿಗೆ, ಸಾವಿರಗಳು ಬಿಲ್ಲಿಗೆ. ಕೆಲವು ದಿನ ಹಾಲು ತಣ್ಣಗೆ, ಸೊಪ್ಪು ಹಸಿರು.

ಆಮೇಲೊಂದು ಬೆಳಗ್ಗೆ ಹಿಟ್ಟು ಮತ್ತೆ ಮುಚ್ಚಳ ಎತ್ತುತ್ತದೆ. ಫೋನ್ ಹೋಗುತ್ತದೆ. ಅದೇ ಮೆಕ್ಯಾನಿಕ್, ಅದೇ ಕೈ, ಕಂಪ್ರೆಸರಿನ ಮೇಲೆ ಈ ಸಲ ಇನ್ನೂ ಸ್ವಲ್ಪ ಹೊತ್ತು.

'ಗ್ಯಾಸ್ ಫುಲ್ ಇದೆ ಮೇಡಂ. ಪಿಸಿಬಿ ಹೋಗಿದೆ.'