ಮೆತ್ತಿನ ಮೇಲಿನ ಶಿರಸಿ ರೋಡ್

ನಮ್ಮ ಶಿರಸಿಗೆ ರೈಲಿಲ್ಲ. ರೈಲು ಹತ್ತಬೇಕು ಅಂದ್ರೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗ್ಬೇಕು, ಇಲ್ಲಾಂದ್ರೆ ತಾಳಗುಪ್ಪ, ಹಾವೇರಿ, ಹುಬ್ಬಳ್ಳಿ ಅಂತ ಯಾವ್ದಾದ್ರೂ ದಿಕ್ಕು ಹಿಡೀಬೇಕು. ಆದ್ರೆ ನಮ್ಮನೆ ಮೆತ್ತಿನ (ಅಟ್ಟದ) ಮೇಲೆ ಮಾತ್ರ ದಿನಾ ಸಂಜೆ ಏಳಕ್ಕೆ ಒಂದು ರೈಲು ಶಿರಸಿ ಕಡೆ ಹೊರಡ್ತದೆ. ಕರೆಂಟ್ ಇದ್ರೆ, ಹಳಿಗೆ ಬೂಷ್ಟು ಹಿಡೀದಿದ್ರೆ, ಇರುವೆ ಅಡ್ಡ ಬರ್ದಿದ್ರೆ.

ಈ ರೋಗ ಹತ್ತಿದ್ದು ಪುಣೆಯಲ್ಲಿ. ಯಾರದ್ದೋ ಮದುವೆಗೆ ಅಂತ ಹೋದವ್ನು ಊಟ ಆದ್ಮೇಲೆ ಹೊತ್ತು ಕಳೆಯೋಕೆ ಕೋಥ್ರೂಡಿನಲ್ಲಿರೋ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂಗೆ ಹೋದೆ, ಸಣ್ಣ ಸಣ್ಣ ರೈಲು, ಸಣ್ಣ ಸಿಗ್ನಲ್ಲು, ಎಲ್ಲ ತಾವಾಗೇ ಓಡ್ತಾ ಇದ್ವು, ನನ್ನ ಬಸ್ಸು ತಪ್ಪೋ ಹೊತ್ತಾದ್ರೂ ಎದ್ದು ಬರೋಕೆ ಮನಸ್ಸಾಗಲಿಲ್ಲ. ಊರಿಗೆ ಬಂದು ಮಾಡಿದ ಮೊದಲ ಕೆಲಸ, ಅಡಿಕೆ ಚೀಲ ಸರಿಸಿ ಮೆತ್ತಿನ ಮೇಲೆ ಎಂಟಡಿ ನಾಲ್ಕಡಿ ಪ್ಲೈವುಡ್ ಹಾಸಿದ್ದು. ಆಯಿ ಅದನ್ನ ಹಪ್ಪಳ ಒಣಗಿಸೋಕೆ ಅಂತ ತಿಳ್ಕೊಂಡು ಒಂದು ವಾರ ಖುಷಿಯಾಗಿದ್ಲು.

ನಂದು ಎಚ್‌ಒ ಸ್ಕೇಲ್, ಮಾದರಿ ರೈಲಿನ ಒಂದು ಅಳತೆ. ಅಂದ್ರೆ 87 ಮೀಟರ್ ಇದ್ದದ್ದು ಇಲ್ಲಿ 1 ಮೀಟರ್ ಆಗ್ತದೆ. ಹಳಿ ಮಧ್ಯದ ಅಂತರ 16.5 ಮಿಲಿಮೀಟರ್. ಇದು ಯುರೋಪು, ಅಮೆರಿಕದ ಅಳತೆಯ ಲೆಕ್ಕ, ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್ ಇರೋದ್ರಿಂದ ಸರಿಯಾಗಿ ಹೇಳೋದಾದ್ರೆ 19 ಮಿಲಿಮೀಟರಿಗಿಂತ ಚೂರು ಜಾಸ್ತಿ ಬೇಕು. ಹಾಗಾಗಿ ನಮ್ಮ ಇಂಜಿನ್ನು ಈ ಹಳಿ ಮೇಲೆ ನಿಂತ್ರೆ ಮೂರನೇ ಕ್ಲಾಸಿನ ಹುಡುಗನ ಚಪ್ಪಲಿ ಹಾಕ್ಕೊಂಡ ಹಿರೇಭಟ್ಟರ ಹಾಗೆ ಕಾಣ್ತದೆ. ನೋಡಿದವರಿಗೆ ಯಾರಿಗೂ ಗೊತ್ತಾಗಲ್ಲ, ನನಗೆ ಮಾತ್ರ ರಾತ್ರಿ ಮಲಗಿದಾಗ ನೆನಪಾಗ್ತದೆ.

ಈ 87ರ ಮಗ್ಗಿ ತಲೆಗೆ ಹತ್ತಿದ್ಮೇಲೆ ಕಂಡದ್ದನ್ನೆಲ್ಲ ಭಾಗಿಸೋ ಚಟ ಶುರುವಾಯ್ತು. ಹೊನ್ನಾವರದ ಶರಾವತಿ ರೈಲು ಸೇತುವೆ 2 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ, ಕೊಂಕಣ ರೈಲ್ವೆಯಲ್ಲೇ ಉದ್ದದ್ದು. ಅದನ್ನ ಸರಿಯಾದ ಅಳತೆಗೆ ಮಾಡಿದ್ರೆ ಹತ್ತಿರ ಹತ್ತಿರ 24 ಮೀಟರ್ ಆಗ್ತದೆ, ಅಂದ್ರೆ ಮೆತ್ತಿನ ಕಿಟಕಿಯಿಂದ ಹೊರಟು, ಅಂಗಳ ದಾಟಿ, ಕೊಟ್ಟಿಗೆ ಮಾಡಿನ ಮೇಲೆ ಇಳೀಬೇಕು. ನಂದು ನಾಲ್ಕು ಕಂಬ, ಎರಡಡಿ ಉದ್ದ, ಕೆಳಗೆ ನೀಲಿ ಪೇಂಟು. ನೀರಿಗೆ ಮೇಲಿಂದ ವಾರ್ನಿಶ್ ಹೊಡೆದಿದ್ದೆ, ಅದು ಒಣಗೋ ಮೊದಲೇ ಒಂದು ಜಿರಳೆ ಶರಾವತಿಯಲ್ಲಿ ಸಿಕ್ಕಿ ಸತ್ತು ಹೋಯ್ತು. ಕಾಲು ಇನ್ನೂ ಅಲ್ಲೇ ಇದೆ, ಕೇಳಿದವ್ರಿಗೆ ದೋಣಿ ಅಂತೀನಿ.

ಹಳಿ ಪಕ್ಕದ ಜಲ್ಲಿಗೆ ಮೊದಲು ರವೆ ಹಾಕಿದ್ದೆ, ಬಿಳಿ ಜಲ್ಲಿ ಎಷ್ಟು ಚಂದ ಕಂಡಿತ್ತು ಅಂದ್ರೆ ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಮೂರನೇ ದಿನ ಬೆಳಗ್ಗೆ ನೋಡಿದ್ರೆ ಇರುವೆ ಸಾಲು, ಒಂದೊಂದು ಕಾಳು ಹೊತ್ಕೊಂಡು ಅಪ್ ಲೈನಲ್ಲಿ ಹೋಗಿ ಡೌನ್ ಲೈನಲ್ಲಿ ಖಾಲಿ ಬರ್ತಾ ಇದ್ವು. ನಾನು ಓಡಿಸಿದ ಯಾವ ಗೂಡ್ಸ್ ರೈಲೂ ಅಷ್ಟು ಶಿಸ್ತಾಗಿ ಓಡಿಲ್ಲ. ಆಮೇಲೆ ಹಳ್ಳದ ಮರಳು ತಂದು, ತೊಳೆದು, ಜರಡಿ ಹಿಡಿದು ಹಾಕಿದೆ. ಒಣ ಮರಳನ್ನ ಬ್ರಶ್ಶಲ್ಲಿ ಸ್ಲೀಪರ್ (ಹಳಿ ಕೆಳಗಿನ ಅಡ್ಡಪಟ್ಟಿ) ಮಧ್ಯ ಮಧ್ಯ ಕೂರಿಸಿ, ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ, ಕಣ್ಣಿನ ಔಷಧಿ ಬಾಟಲಿಯಿಂದ ಹನಿ ಹನಿಯಾಗಿ ಬಿಡಬೇಕು. ಪಾತ್ರೆ ತೊಳೆಯೋ ಲಿಕ್ವಿಡ್ಡು ಒಂದು ಹನಿ ಸೇರಿಸದಿದ್ರೆ ಅಂಟು ಕೆಳಗಿಳಿಯದೇ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉರುಳಾಡ್ತಾ ಇರ್ತದೆ. ಎರಡು ಗೇಣು ಹಳಿಗೆ ಒಂದು ಭಾನುವಾರ.

ಘಟ್ಟದ ಕತೆ ಬೇರೆನೇ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರ. 87ರಿಂದ ಭಾಗಿಸಿದ್ರೆ ಆರೂ ಮುಕ್ಕಾಲು ಮೀಟರ್, ನಮ್ಮನೆ ಹಂಚಿನಿಂದಲೂ ಮೇಲೆ ಹೋಗ್ತದೆ. ನಮ್ಮ ಜಿಲ್ಲೆಯಲ್ಲೇ ಕ್ಯಾಸಲ್‌ರಾಕ್‌ನಿಂದ ಗೋವಾ ಕಡೆಗೆ ಇಳಿಯೋ ಘಟ್ಟದಲ್ಲಿ 37 ಮೀಟರ್ ಓಡಿದ್ರೆ 1 ಮೀಟರ್ ಏರು, ಅದಕ್ಕೇ ಅಲ್ಲಿ ಹಿಂದಿನಿಂದ ದೂಡೋಕೆ ಬೇರೆ ಇಂಜಿನ್ ಹಚ್ತಾರೆ. ನಾನೂ ಅದೇ ಲೆಕ್ಕ ಹಿಡಿದೆ. ಪ್ಲೈವುಡ್ ಸುತ್ತ ಒಂದು ಸುತ್ತು ಬಂದ್ರೆ ಏರೋದು 15 ಸೆಂಟಿಮೀಟರ್. ಶಿರಸಿ ಮುಟ್ಟೋಕೆ ಜಿಲೇಬಿ ಥರ 45 ಸುತ್ತು! ಅರ್ಜೆಂಟಲ್ಲಿ ಏರು ಕಡಿದಾಗಿ ಮಾಡಿ ನೋಡಿದೆ, ಇಂಜಿನ್ನು ನಿಂತಲ್ಲೇ ಗಾಲಿ ತಿರುಗಿಸ್ತು, ಮತ್ತೆ ಹಳೇ ಏರಿಗೇ ಬಂದೆ. ಕಾರವಾರದಲ್ಲಿ ಬಲೆಗೆ ಕಟ್ಟೋ ಸೀಸದ ಗುಂಡು ಸಿಗ್ತದಲ್ಲ, ಅದನ್ನ ತಂದು ಇಂಜಿನ್ನಿನ ಹೊಟ್ಟೆಗೆ ತುಂಬಿದ್ಮೇಲೆ ಹಳಿ ಕಚ್ಚಿ ಹಿಡೀತು, ಆದ್ರೂ ಎರಡು ಸುತ್ತಿಗೇ ಸುಸ್ತು. ಅಲ್ಲೇ ಸ್ಟೇಷನ್ ಕಟ್ಟಿದೆ. ಲೆಕ್ಕ ಹಾಕಿದ್ರೆ ನನ್ನ ಸ್ಟೇಷನ್ ಸಮುದ್ರ ಮಟ್ಟದಿಂದ 26 ಮೀಟರ್ ಮೇಲೆ, ಘಟ್ಟದ ಕೆಳಗಿನ ಕತಗಾಲ ದಾಟಿರೋದೂ ಡೌಟು. ಹಾಗಾಗಿ ಊರಿಂದ ದೂರ ಇರೋ ಸ್ಟೇಷನ್ನಿಗೆ ಗೋಕರ್ಣ ರೋಡ್ ಅಂತ ಹೆಸರಿದ್ದ ಹಾಗೆ ಇದಕ್ಕೂ ಹಳದಿ ಬೋರ್ಡಲ್ಲಿ ‘ಶಿರಸಿ ರೋಡ್’ ಅಂತ ಬರೆಸಿದೆ.

ಮಳೆಗಾಲದಲ್ಲಿ ಕೊಂಕಣ ರೈಲ್ವೆಯವ್ರು ಸ್ಪೀಡು ಕಮ್ಮಿ ಮಾಡಿ ಬೇರೆ ಟೈಮ್ ಟೇಬಲ್ ಹಾಕ್ತಾರೆ. ನನ್ನದೂ ಹಾಗೇ. ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟರಿಗೆ 12 ವೋಲ್ಟ್ ಹೋಗ್ಬೇಕು, ಜುಲೈ ಥಂಡಿಗೆ ಹಳಿ ಕಪ್ಪಾದ್ರೆ ರೈಲು ಬಿಕ್ಕಳಿಸ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹಳೇ ಬನಿಯನ್ ಬಟ್ಟೆಯಲ್ಲಿ ಉಜ್ಜೋದೇ ಕೆಲಸ.

ಮೊನ್ನೆ ಮೇಲಿನ ಮನೆ ಅಜ್ಜ ಏಣಿ ಹತ್ತಿ ಬಂದ್ರು. ಹುಬ್ಬಳ್ಳಿ–ಅಂಕೋಲಾ ಲೈನಿನ (ಇನ್ನೂ ಆಗದ ರೈಲು ದಾರಿ) ಮೀಟಿಂಗು, ಮನವಿ, ಸರ್ವೆ ಸುದ್ದಿ ಎಲ್ಲ ಕಂಡವ್ರು. ಸ್ಟೂಲ್ ಮೇಲೆ ಕೂತು, ಕನ್ನಡಕ ಒರೆಸಿ, ಬೋರ್ಡು ಓದಿದ್ರು.

"ರೋಡ್ ಎಂತಕ್ಕೆ ತಮಾ? ರೋಡು ಮೊದ್ಲೇ ಇದ್ದಲ."

ನಾನು ಉತ್ತರ ಕೊಡದೇ ಕಂಟ್ರೋಲರ್ ತಿರುಗಿಸಿದೆ. ರೈಲು ಕುಮಟಾ ಬಿಡ್ತು, ಶರಾವತಿ ದಾಟ್ತು (ಕುಮಟಾ–ಶಿರಸಿ ಮಧ್ಯ ಶರಾವತಿ ಎಲ್ಲಿಂದ ಬಂತು ಅಂತ ಅಜ್ಜ ಕೇಳ್ಲಿಲ್ಲ, ಪುಣ್ಯ), ಮೊದಲ ಸುತ್ತು ಏರ್ತು, ಎರಡನೇದು ಅರ್ಧ ಆಗಿತ್ತು, ಫಕ್ ಅಂತ ಕರೆಂಟ್ ಹೋಯ್ತು. ಮೆತ್ತಿಗೆ ಇನ್ವರ್ಟರ್ ಲೈನ್ ಎಳೆಸಿಲ್ಲ.

ಕತ್ತಲಲ್ಲಿ ಅಜ್ಜನ ದನಿ ಬಂತು, "ಇಲ್ಲೂ ನಿಂತು ಹೋತಾ?"

ಬ್ಯಾಟರಿ ಲೈಟ್ ಹಾಕಿದೆ. ಕೆಳಗೆ ಹೋಗೋಣ ಬನ್ನಿ ಅಜ್ಜ, ಕರೆಂಟು ಯಾವಾಗ ಬರ್ತದೋ ಅಂದೆ. ಅವ್ರು ಏಳ್ಲಿಲ್ಲ. ಶಾಲು ಸರಿ ಹೊದ್ದು, ಕಷಾಯ ಮೇಲೇ ತರೋಕೆ ಹೇಳು ಅಂದ್ರು.